ಬಂಬಕ್ಕೆ, ಒಲೆಗೆ ಯಾವ ಕಟ್ಟಿಗೆ ಒಳ್ಳೇದು? ವಖಾರಿಯ ‘ಮಿಕ್ಸ್’ ರಾಶಿಯಲ್ಲಿ ಯಾವುದು ಏನು ಅಂತ ಗುರುತಿಸೋದು ಹೇಗೆ?

ಮುಳಶಿ ಮನೆ (ಪುಣೆ)
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲ ಧಾರವಾಡ ಕಡೆ, ಈಗ ಪುಣೆ ಹತ್ತಿರ ಮುಳಶಿ ರಸ್ತೆಯ ಒಂದು ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದೇವೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಚಳಿ ಜೋರು. ಅಪ್ಪ ಅವ್ವ ಇಬ್ಬರಿಗೂ ವಯಸ್ಸಾಗಿದೆ. ಸ್ನಾನದ ನೀರು ಕಾಯಿಸೋಕೆ ಪುಣೆಯ ತಾಮ್ರಗಾರರ ಓಣಿ ತಾಂಬಟ್ ಆಳಿಯಿಂದ ತಂದ, ಕಟ್ಟಿಗೆ ಹಾಕಿ ಉರಿಸೋ ತಾಮ್ರದ ಬಂಬ ಇದೆ. ಪಡಸಾಲೆಯಲ್ಲಿ ಚಿಮಣಿ ಇರುವ ಕಬ್ಬಿಣದ ಒಲೆ ಕೂಡಿಸಿದ್ದೇವೆ.

ತೊಂದರೆ ಕಟ್ಟಿಗೆಯದು. ವಖಾರಿಯಿಂದ, ಅಂದ್ರೆ ಕಟ್ಟಿಗೆ ಮಾರೋ ಕಡೆಯಿಂದ, ಒಂದು ಟೆಂಪೋ ‘ಮಿಕ್ಸ್’ ತರಿಸಿದೆವು. ಯಾವ ಮರ ಅಂತ ಕೇಳಿದರೆ “ಸಗಳಂ ಚಾಂಗಲಂ ಆಹೆ” (ಎಲ್ಲಾ ಚೆನ್ನಾಗಿದೆ) ಅನ್ನೋದೊಂದೇ ಉತ್ತರ. ಕೆಲವು ತುಂಡು ಒಮ್ಮೆ ಹತ್ತಿದರೆ ಊಟ ಮುಗಿದು ಮಲಗೋವರೆಗೂ ಕೆಂಡ ಇರುತ್ತೆ. ಕೆಲವು ಬರೀ ಹೊಗೆ, ತುದಿಯಲ್ಲಿ ನೊರೆ, ಸುಯ್ ಅನ್ನೋ ಸದ್ದು.

ರಾಶಿಯಲ್ಲಿ ಏನೇನಿದೆ ಹೇಳ್ತೀನಿ. ಒಂದು ಜಾತಿಯ ತೊಗಟೆ ಕಪ್ಪು, ಉದ್ದುದ್ದ ಬಿರುಕು. ಸೀಳಿದರೆ ಹೊರಗೆ ಬೆಳ್ಳನೆ ಸುತ್ತು, ಒಳಗೆ ಕೆಂಪು ಮಿಶ್ರಿತ ಕಂದು. ಇನ್ನೊಂದರ ತೊಗಟೆ ಬೆರಳು ದಪ್ಪ ಇದೆ, ಚೌಕ ಚೌಕವಾಗಿ ಬಿರಿದಿದೆ, ಹೊರಲಾರದಷ್ಟು ಭಾರ. ಮತ್ತೊಂದು ತೋಳು ಗಾತ್ರದ ನೆಟ್ಟಗಿನ ಕೋಲುಗಳು, ತೆಳು ಬೂದು ತೊಗಟೆ, ಒಳಗೆ ಹಳದಿ ಬಿಳುಪು. ಕೊನೆಯದು ಹಗುರ, ಡೊಂಕು, ಕಡಿದ ಕಡೆ ಕಪ್ಪು ಅಂಟು ಒಸರಿ ಗಟ್ಟಿಯಾಗಿದೆ. ಬಲ್ಲವರು ಹೇಳಿ.

ಬೆಳಗಾವಿ ಹುಡುಗ (ಪಿಂಪ್ರಿ)
ಮೊದಲನೇದು ಜಾಲಿ. ಕರಿಜಾಲಿ. ಇಲ್ಲಿಯವರು ಬಾಭುಳ ಅಂತಾರೆ. ಕಣ್ಣು ಮುಚ್ಚಿ ತಗೊಳ್ಳಿ.

ಸತ್ತರಿ ತೋಟ (ಗೋವಾ)
ಎರಡನೇದು ಮತ್ತಿ, ಮರಾಠಿಯವರ ಐನ್. ಆ ತೊಗಟೆ ಮೊಸಳೆ ಚರ್ಮದ ಹಾಗೇ ಇರುತ್ತೆ, ಇನ್ನೊಂದು ಮರದ ಜೊತೆ ಗೊಂದಲ ಆಗೋಲ್ಲ. ನಮ್ಮ ಗೋವಾದ ರಾಜ್ಯ ವೃಕ್ಷ ಅದು. ಚೇಗು, ಅಂದ್ರೆ ಒಳಗಿನ ಗಟ್ಟಿ ಭಾಗ, ಗಾಢ ಕಂದು, ನಡುವೆ ಕಪ್ಪು ಗೆರೆ ಇರುತ್ತೆ, ನೋಡಿ. ಒಳ್ಳೆ ಕಟ್ಟಿಗೆ, ಆದರೆ ಅದನ್ನು ಸುಡೋದು ಅಂದ್ರೆ ಹೊಟ್ಟೆ ಉರಿಯುತ್ತೆ. ತೊಲೆ, ಕಂಬ ಆಗಬೇಕಾದ ಮರ ಅದು.

ಶಿರಸಿ ಕಡೆಯವ (ಮಡಗಾಂವ್)
ಕಿಂದಳ ಯಾಕಾಗಬಾರದು? ಅದೂ ಮತ್ತಿಯ ಬಳಗವೇ. ವಖಾರಿಯಲ್ಲಿ ಎರಡೂ ಬೆರೆಸಿಯೇ ಹಾಕ್ತಾರೆ.

ಸತ್ತರಿ ತೋಟ (ಗೋವಾ)
ಕಿಂದಳದ ತೊಗಟೆ ಅಷ್ಟು ದಪ್ಪ ಇರೋಲ್ಲ, ಬಿರುಕೂ ಅಷ್ಟು ಆಳ ಇಲ್ಲ. ಅವರು ಬೆರಳು ದಪ್ಪ ಅಂತ ಬರೆದಿದ್ದಾರಲ್ಲ, ಅದು ಮತ್ತಿಯೇ. ಬೇಸಿಗೆಯಲ್ಲಿ ಕೆಲವು ಮತ್ತಿ ಮರಗಳ ಕಾಂಡದಲ್ಲಿ ನೀರು ಕೂಡಿಟ್ಟಿರುತ್ತೆ, ಕಾಡಿನಲ್ಲಿ ಓಡಾಡೋರಿಗೆ ಗೊತ್ತು. ಅದಕ್ಕೇ ಹಸಿ ಮತ್ತಿ ತಗೊಂಡರೆ ಒಣಗೋಕೆ ಬಹಳ ಕಾಲ ಬೇಕು.

ಕೋಥ್ರೂಡ್ ಅಕ್ಕ
ಮೂರನೇದು ಸುಬಾಭುಳ, ಸಂಶಯವೇ ಬೇಡ. ಪುಣೆಯ ಗುಡ್ಡಗಳ ಮೇಲೆ, ರಸ್ತೆ ಬದಿ ಎಲ್ಲಿ ನೋಡಿದರೂ ಅದೇ. ಬೇಗ ಹತ್ತುತ್ತೆ, ಉರಿ ಚೆನ್ನಾಗಿದೆ, ಹೊಗೆ ಕಡಿಮೆ. ಆದರೆ ಕೆಂಡ ಜಾಲಿಯಷ್ಟು ನಿಲ್ಲೋಲ್ಲ. ಬಂಬಕ್ಕೆ ಇದೇ ಸರಿ. ಬಂಬಕ್ಕೆ ಬೇಕಾದ್ದು ಉರಿ. ರಾತ್ರಿ ಕೋಣೆ ಬೆಚ್ಚಗಿರೋಕೆ ಬೇಕಾದ್ದು ಕೆಂಡ. ಇವೆರಡನ್ನೂ ಬೇರೆ ಬೇರೆ ರಾಶಿ ಮಾಡಿ ಇಟ್ಟುಕೊಳ್ಳಿ, ಅರ್ಧ ತಲೆನೋವು ಹೋಗುತ್ತೆ.

ಫೋಂಡಾ ಬಾಯಿ
ನಾಲ್ಕನೇದು ಗೋಡಂಬಿ ಮರ ಅನಿಸುತ್ತೆ. ಡೊಂಕು, ಹಗುರ, ಕಪ್ಪು ಅಂಟು ಮೂರೂ ಕೂಡಿ ಬರುತ್ತೆ. ಒಳಗಿನ ಒಲೆಗೆ ಹಾಕಬೇಡಿ. ಚಟಪಟ ಕಿಡಿ ಹಾರುತ್ತೆ, ಚಾಪೆ ಸುಟ್ಟೀತು. ಹೊರಗಿನ ಹಂಡೆ ಒಲೆಗೆ ಸಾಕು. ಗೋಡಂಬಿ ಬೀಜದ ಸಿಪ್ಪೆಯಂತೂ ಯಾವ ಒಲೆಗೂ ಬೇಡ. ಅದರ ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಬ್ಬೆ ಬರುತ್ತೆ, ಹೊಗೆಯೂ ಕಣ್ಣು ಗಂಟಲು ಉರಿಸುತ್ತೆ.

ಡೊಂಬಿವ್ಲಿ ಮಾಮಾ
ಎಲ್ಲರೂ ಜಾತಿ ಹೇಳ್ತಿದ್ದೀರಿ, ತೇವದ ಮಾತು ಯಾರೂ ಎತ್ತಲಿಲ್ಲ. ನಾನು ಕೆಲಸ ಮಾಡಿದ್ದು ಬಾಯ್ಲರ್ ಹತ್ತಿರ. ಅಲ್ಲಿ ಮೊದಲ ಪಾಠವೇ ಇದು: ಯಾವ ಮರ ಅನ್ನೋದು ಎರಡನೇ ಪ್ರಶ್ನೆ, ಒಣಗಿದೆಯಾ ಅನ್ನೋದು ಮೊದಲನೇ ಪ್ರಶ್ನೆ.

ಆಗ ತಾನೇ ಕಡಿದ ಕಟ್ಟಿಗೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. 10 ಕಿಲೋ ತಂದರೆ 5 ಕಿಲೋ ನೀರಿಗೆ ದುಡ್ಡು ಕೊಟ್ಟ ಹಾಗಾಯಿತು. ಆ 5 ಕಿಲೋ ನೀರನ್ನು ಆವಿ ಮಾಡೋಕೆ ಸುಮಾರು 3,000 ಕಿಲೋ ಕ್ಯಾಲೊರಿ ಶಾಖ ಖರ್ಚಾಗುತ್ತೆ. ಅದಕ್ಕಿಂತ ದೊಡ್ಡ ನಷ್ಟ ಏನಂದ್ರೆ, ಬೆಂಕಿ ತಣ್ಣಗಾಗಿ ಕಟ್ಟಿಗೆಯಿಂದ ಬರೋ ಅನಿಲ ಪೂರ್ತಿ ಉರಿಯೋದೇ ಇಲ್ಲ. ಹೊಗೆಯಾಗಿ ಹೊರಗೆ ಹೋಗುತ್ತೆ, ಇಲ್ಲ ಅಂದ್ರೆ ಚಿಮಣಿಯೊಳಗೆ ಅಂಟಾಗಿ ಕೂರುತ್ತೆ.

ಇನ್ನೊಂದು ವಿಷಯ. ಚೆನ್ನಾಗಿ ಒಣಗಿದ ಮೇಲೆ ಒಂದು ಕಿಲೋ ಜಾಲಿಗೂ ಒಂದು ಕಿಲೋ ಮಾವಿಗೂ ಶಾಖದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಶೇಕಡಾ 20 ತೇವ ಇರುವ ಕಟ್ಟಿಗೆಯಲ್ಲಿ ಕಿಲೋಗೆ ಸುಮಾರು 3,500 ಕಿಲೋ ಕ್ಯಾಲೊರಿ ಸಿಗುತ್ತೆ, ಮರ ಯಾವುದೇ ಇರಲಿ. ವ್ಯತ್ಯಾಸ ಇರೋದು ಗಾತ್ರದಲ್ಲಿ. ಜಾಲಿ ಒತ್ತಾದ ಮರ, ಒಂದೇ ಗಾತ್ರದ ತುಂಡಿನಲ್ಲಿ ತೂಕ ಜಾಸ್ತಿ. ಹಾಗಾಗಿ ತೂಕದಲ್ಲಿ ಕೊಳ್ಳೋದಾದರೆ ಒಣಗಿದ್ದನ್ನು ನೋಡಿ ಕೊಳ್ಳಿ. ಟೆಂಪೋ ಲೆಕ್ಕದಲ್ಲಿ ಕೊಳ್ಳೋದಾದರೆ ಭಾರದ ಜಾತಿ ನೋಡಿ ಕೊಳ್ಳಿ. ಹಸಿ ಕಟ್ಟಿಗೆಯನ್ನು ತೂಕದಲ್ಲಿ ಯಾವತ್ತೂ ಕೊಳ್ಳಬೇಡಿ.

ಬೆಳಗಾವಿ ಹುಡುಗ (ಪಿಂಪ್ರಿ)
ಮಾಮಾ, ಲೆಕ್ಕ ಒಪ್ಪಿದೆ. ಆದರೆ ಒಂದು ಕಿಲೋ ಬೂರುಗ ಹಾಕಿ ನೋಡಿ, ಒಂದು ಕಿಲೋ ಜಾಲಿ ಹಾಕಿ ನೋಡಿ. ಬೂರುಗ ಬುಸ್ ಅಂತ ಉರಿದು ಹೋಗುತ್ತೆ. ಹಂಡೆ ಕಾಯೋದಿಲ್ಲ. ಎರಡೂ ಒಂದೇ ಅಂತ ಹೇಗೆ ಹೇಳ್ತೀರಿ?

ಡೊಂಬಿವ್ಲಿ ಮಾಮಾ
ಶಾಖ ಅಷ್ಟೇ ಬರುತ್ತಪ್ಪಾ. ಬೂರುಗದ ಶಾಖ ಒಮ್ಮೆಲೇ ಬಂದು ಚಿಮಣಿ ಹಾದಿಯಲ್ಲಿ ಓಡಿಹೋಗುತ್ತೆ, ನೀರಿಗೆ ಹಿಡಿಯೋಕೆ ಪುರುಸೊತ್ತೇ ಸಿಗೋಲ್ಲ. ಜಾಲಿ ನಿಧಾನಕ್ಕೆ ಬಿಡುತ್ತೆ. ನೀನು ಹೇಳೋದೂ ಸರಿ, ನಾನು ಹೇಳೋದೂ ಸರಿ. ಒಲೆ ಸರಿಯಿದ್ದರೆ ಲೆಕ್ಕವೂ ಕೂಡುತ್ತೆ. ಎರಡು ಬಕೆಟ್, ಅಂದ್ರೆ 40 ಲೀಟರ್ ನೀರನ್ನು 18 ಡಿಗ್ರಿಯಿಂದ 43ಕ್ಕೆ ಕಾಯಿಸೋಕೆ 1,000 ಕಿಲೋ ಕ್ಯಾಲೊರಿ ಬೇಕು. ಬೆಂಕಿಯ ಮೂರರಲ್ಲಿ ಒಂದು ಪಾಲು ನೀರಿಗೆ ಸೇರಿದರೂ ಒಂದು ಕಿಲೋ ಒಣ ಕಟ್ಟಿಗೆ ಸಾಕು.

ಮುಳಶಿ ಮನೆ (ಪುಣೆ)
ಇದು ಬಹಳ ಉಪಯೋಗದ ಮಾತು ಮಾಮಾ. ನಾವು ಒಂದು ಹೊತ್ತಿಗೆ ಇದರ ಎರಡು ಪಟ್ಟು ಸುಡ್ತಿದ್ದೇವೆ. ಒಣಗಿದೆಯೋ ಇಲ್ಲವೋ ಅಂತ ವಖಾರಿಯಲ್ಲಿ ನಿಂತು ನೋಡಿ ತಿಳಿಯೋದು ಹೇಗೆ?

ಕೋಥ್ರೂಡ್ ಅಕ್ಕ
ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತೆ. ಹಸಿ ಇದ್ದರೆ ಮಂದ ಸದ್ದು. ಕಡಿದ ತುದಿ ನೋಡಿ, ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು. ತೊಗಟೆಗೆ ಉಗುರು ಹಾಕಿದರೆ ಪದರಾಗಿ ಎದ್ದು ಬರಬೇಕು. ಆದರೆ ತುದಿಯೊಂದನ್ನೇ ನಂಬಬೇಡಿ. ಹೊರಗೆ ಒಣಗಿ ಒಳಗೆ ಹಸಿ ಇರೋದು ಬಹಳ. ಅವರ ಕೊಡಲಿಯಿಂದಲೇ ಒಂದು ದಪ್ಪ ತುಂಡನ್ನು ಸೀಳಿಸಿ, ಹೊಸ ಮುಖವನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ನೀರಿದೆ ಅಂತಲೇ ಅರ್ಥ.

ವಾಶಿ ವಾಸಿ (ನವಿ ಮುಂಬಯಿ)
ಮಾಯಿಶ್ಚರ್ ಮೀಟರ್ ತಗೊಳ್ಳಿ. ಎರಡು ಮೊಳೆ ಇರೋ ಚಿಕ್ಕ ಸಾಮಾನು, ಆನ್‌ಲೈನ್‌ನಲ್ಲಿ ಸಿಗುತ್ತೆ. ಸೀಳಿದ ಒಳಮುಖದಲ್ಲಿ ಚುಚ್ಚಬೇಕು, ತುದಿಯಲ್ಲಿ ಅಲ್ಲ. 20ಕ್ಕಿಂತ ಕಡಿಮೆ ತೋರಿಸಿದರೆ ಒಲೆಗೆ ಹಾಕಿ.

ಫೋಂಡಾ ಬಾಯಿ
ಪುಣೆಯವರಿಗೆ ಫೆಬ್ರವರಿಯಿಂದ ಮೇ ತನಕ ಒಣ ಗಾಳಿ, ಕಟ್ಟಿಗೆ ತಾನಾಗಿಯೇ ಒಣಗುತ್ತೆ. ನಮ್ಮ ಗೋವಾದ ಜುಲೈನಲ್ಲಿ ಮೀಟರ್ ಏನು ಮಾಡುತ್ತೆ ಹೇಳಿ. ಮಳೆ ತಾಗದಂತೆ ಮುಚ್ಚಿಟ್ಟ ಒಣ ಕಟ್ಟಿಗೆಯೂ ಗಾಳಿಯ ತೇವ ಹೀರಿ 18, 20ರ ಹತ್ತಿರ ಬಂದು ನಿಲ್ಲುತ್ತೆ. ಅದಕ್ಕೇ ಇಲ್ಲಿ ಮೇ ಮುಗಿಯೋದರೊಳಗೆ ಎಲ್ಲಾ ಸೀಳಿ, ಒಟ್ಟಿ ಮುಗಿಸಬೇಕು. ಪುರುಮೆಂತ್ ಅಂತ ಮಳೆಗಾಲಕ್ಕೆ ಒಣಮೀನು, ಮೆಣಸು, ಉಪ್ಪು ಕೂಡಿಡ್ತಾರಲ್ಲ, ಹಳೆ ಮನೆಗಳಲ್ಲಿ ಕಟ್ಟಿಗೆಯೂ ಅದರ ಲೆಕ್ಕದಲ್ಲೇ ಸೇರಿರುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಂದು ಸಾಲು ಇಟ್ಟರೆ ಹೊಗೆಗೆ, ಬಿಸಿಗೆ ಮಳೆಗಾಲ ಪೂರ್ತಿ ಗರಿಗರಿ.

ಶಿರಸಿ ಕಡೆಯವ (ಮಡಗಾಂವ್)
ಬಾಯಿ ಹೇಳಿದ್ದು ನೂರಕ್ಕೆ ನೂರು. ನೆಲಕ್ಕೆ ತಾಗಿಸಿ ಒಟ್ಟಬೇಡಿ ಅಂತ ಸೇರಿಸಿ. ಕೆಳಗೆ ಎರಡು ಕಲ್ಲು, ಮೇಲೆ ಅಡ್ಡ ಕೋಲು, ಆಮೇಲೆ ಕಟ್ಟಿಗೆ. ಇಲ್ಲದಿದ್ದರೆ ಗೆದ್ದಲು ಹತ್ತುತ್ತೆ. ಮೇಲೆ ಮಾತ್ರ ತಗಡು, ಪಕ್ಕ ತೆರೆದಿರಲಿ. ಪ್ಲಾಸ್ಟಿಕ್ ತಾಡಪಾಲು ಸುತ್ತಿ ಕಟ್ಟಿದರೆ ಒಳಗೇ ಬೆವರಿ ಬೂಸ್ಟು ಬರುತ್ತೆ.

ವಸಯಿ ಬೇಕರಿ ಅಭಿಮಾನಿ
ಸ್ವಲ್ಪ ಬೇರೆ ವಿಷಯ. ಮುಂಬಯಿ ಹೈಕೋರ್ಟ್ 2025ರ ಜನವರಿಯಲ್ಲಿ ಬೇಕರಿಯವರಿಗೆ ಆರು ತಿಂಗಳಲ್ಲಿ ಕಟ್ಟಿಗೆ, ಇದ್ದಿಲು ಬಿಟ್ಟು ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬನ್ನಿ ಅಂತ ಹೇಳಿತು. ಕಟ್ಟಿಗೆ ಭಟ್ಟಿಯ ಪಾವ್‌ಗೆ ಬರೋ ಆ ಗರಿಮುರಿ ಮೇಲ್ಪದರ ಗ್ಯಾಸಿನಲ್ಲಿ ಬರುತ್ತಾ? ನಿಮಗೇನನಿಸುತ್ತೆ?

ಮುಲುಂಡ್ ಟೀಚರ್
ರುಚಿ ಒಂದು ಕಡೆ ಇರಲಿ. ಬೇಕರಿ ಪಕ್ಕದ ಕಟ್ಟಡದಲ್ಲಿ ಇರೋರ ಗೋಳು ಕೇಳಿ. ಕಿಟಕಿ ತೆರೆಯೋ ಹಾಗಿಲ್ಲ, ಮಕ್ಕಳಿಗೆ ಕೆಮ್ಮು. ಅನೇಕ ಕಡೆ ಉರಿಸೋದು ಶುದ್ಧ ಕಟ್ಟಿಗೆಯೂ ಅಲ್ಲ, ಹಳೆ ಬಾಗಿಲು, ಪ್ಲೈವುಡ್, ಬಣ್ಣ ಬಳಿದ ಫರ್ನಿಚರ್. ಹಳೆ ಬಣ್ಣದಲ್ಲಿ ಸೀಸ, ಪ್ಲೈವುಡ್ಡಿನಲ್ಲಿ ಅಂಟು. ಅದರ ಹೊಗೆ ವಿಷ. ಮನೆಗೆ ಕಟ್ಟಿಗೆ ತರೋರೂ ಇದನ್ನು ನೆನಪಿಡಿ. ‘ಮಿಕ್ಸ್’ ಟೆಂಪೋದಲ್ಲಿ ಒಡೆದ ಮಂಚದ ಕಾಲು ಬಂದಿದ್ದರೆ ಅದನ್ನು ಬೇರೆ ಇಡಿ, ಸುಡಬೇಡಿ.

ಬೆಳಗಾವಿ ಹುಡುಗ (ಪಿಂಪ್ರಿ)
ಚಾಕಣ ಕಡೆ ಕಂಪನಿಗಳಿಂದ ಬರೋ ಪ್ಯಾಲೆಟ್ ಕಟ್ಟಿಗೆ ಹೇಗೆ? ಅಗ್ಗ. ಪೈನ್ ಮರ, ಒಳ್ಳೆ ವಾಸನೆ.

ವಾಶಿ ವಾಸಿ (ನವಿ ಮುಂಬಯಿ)
ಮುದ್ರೆ ನೋಡಿ ತಗೋ. ವಿದೇಶಕ್ಕೆ ಹೋಗಿಬರೋ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತು ಇರುತ್ತೆ, ಪಕ್ಕದಲ್ಲಿ ಎರಡು ಅಕ್ಷರ. ‘ಎಚ್‌ಟಿ’ ಅಂದ್ರೆ ಹುಳ ಸಾಯಲಿ ಅಂತ ಬಿಸಿ ಮಾಡಿದ್ದು, ಅದು ಸುಡಬಹುದು. ‘ಎಂಬಿ’ ಅಂದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹಾಯಿಸಿದ್ದು, ಅದನ್ನು ಮುಟ್ಟಲೂ ಬೇಡ. ಎಣ್ಣೆ, ಕೆಮಿಕಲ್ ಚೆಲ್ಲಿದ ಕಲೆ ಇದ್ದರೂ ಬೇಡ. ಪೈನ್‌ನಲ್ಲಿ ರಾಳ ಇರುತ್ತೆ, ಬೇಗ ಹತ್ತುತ್ತೆ. ಬೆಂಕಿ ಹೊತ್ತಿಸೋ ಚೂರಿಗೆ ಬಹಳ ಒಳ್ಳೇದು, ರಾತ್ರಿಯಿಡೀ ಸುಡೋಕೆ ಅಲ್ಲ.

ಕೋಥ್ರೂಡ್ ಅಕ್ಕ
ಹೊತ್ತಿಸೋಕೆ ತೆಂಗಿನ ಕರಟಕ್ಕಿಂತ ಇನ್ನೇನು ಬೇಕು! ಸಿಪ್ಪೆಯ ನಾರು ಕೆಳಗೆ, ಮೇಲೆ ಎರಡು ಒಣ ಕರಟ, ಅದರ ಮೇಲೆ ಸುಬಾಭುಳದ ಸೀಳು. ಸೀಮೆಎಣ್ಣೆ, ಪ್ಲಾಸ್ಟಿಕ್ ಚೀಲ ಎಲ್ಲಾ ಯಾಕೆ?

ಕಾರವಾರ ಮೂಲ (ವಾಸ್ಕೋ)
ಸರ್ವೆ ಮರವನ್ನು ಯಾರೂ ಹೇಳಲಿಲ್ಲ! ಗಾಳಿಮರ. ಇಲ್ಲಿ ಸುರು ಅಂತಾರೆ. ಕಡಲತೀರದಲ್ಲಿ ಸಾಲಾಗಿ ನೆಟ್ಟಿರುತ್ತಾರೆ. ಕಂದು ತೊಗಟೆ, ಉದ್ದ ಪಟ್ಟಿಯಾಗಿ ಸುಲಿದು ಬರುತ್ತೆ. ಸುಡೋ ಕಟ್ಟಿಗೆ ಅಂದ್ರೆ ಅದು. ಸ್ವಲ್ಪ ಹಸಿ ಇದ್ದರೂ ಹತ್ತುತ್ತೆ, ಕೆಂಡ ಗಟ್ಟಿ, ಬೂದಿ ಕಡಿಮೆ. ಒಂದೇ ತೊಂದರೆ, ಒಣಗಿದ ಮೇಲೆ ಸೀಳೋಕೆ ಹೋದರೆ ಕೊಡಲಿ ಪುಟಿದು ಬರುತ್ತೆ. ಹಸಿ ಇದ್ದಾಗಲೇ ಸೀಳಿಟ್ಟುಕೊಳ್ಳಬೇಕು.

ಸೋಲಾಪುರ ರಸ್ತೆ (ಹಡಪ್ಸರ)
ಬಳ್ಳಾರಿ ಜಾಲಿಯನ್ನೂ ಮರೆತಿರಿ. ಇಲ್ಲಿ ವೇಡಿ ಬಾಭುಳ. ಡೊಂಕು, ಮುಳ್ಳು, ಕಡಿಯೋರು ಬೈತಾರೆ. ಆದರೆ ಕೆಂಡ ನೋಡಿ! ಜೋಳದ ರೊಟ್ಟಿ ಆ ಕೆಂಡದ ಮೇಲೆ ಉಬ್ಬೋ ರೀತಿಯೇ ಬೇರೆ. ಕಡಿದಷ್ಟೂ ಮತ್ತೆ ಚಿಗುರುತ್ತೆ, ಮರ ಹಾಳಾಯಿತು ಅನ್ನೋ ಚಿಂತೆಯಿಲ್ಲ. ಮತ್ತಿ ಸುಟ್ಟು ಸಂಕಟ ಪಡೋ ಬದಲು ಇದನ್ನು ತಗೊಳ್ಳಿ.

ಸತ್ತರಿ ತೋಟ (ಗೋವಾ)
ಸೋಲಾಪುರ ರಸ್ತೆಯವರ ಮಾತಿಗೆ ನನ್ನ ಪೂರ್ತಿ ಬೆಂಬಲ. ಸಹ್ಯಾದ್ರಿಯ ಕಾಡು ಮರ ಒಲೆಗೆ ಬೇಡ. ಜಾಲಿ, ಸುಬಾಭುಳ, ಅಕೇಶಿಯಾ, ನೀಲಗಿರಿ ಇಷ್ಟಿದ್ದರೆ ಮನೆ ಬೆಚ್ಚಗಿರೋಕೆ ಇನ್ನೇನೂ ಬೇಕಾಗಿಲ್ಲ. ತೋಟದ ಅಂಚಿನ ಅಕೇಶಿಯಾ ಸವರಿದರೂ ವರ್ಷದ ಕಟ್ಟಿಗೆ ಆಗುತ್ತೆ.

ಮುಳಶಿ ಮನೆ (ಪುಣೆ)
ಮಾವಿನ ಕಟ್ಟಿಗೆ ಹೇಗೆ? ಪಕ್ಕದ ಹೊಲದವರು ಬಿದ್ದ ಮರವೊಂದನ್ನು ಕೊಡ್ತೀವಿ ಅಂತಿದ್ದಾರೆ. ಅವ್ವ “ಹೋಮಕ್ಕೇ ಹಾಕ್ತೀವಿ, ಒಲೆಗೆ ಏನಾಗುತ್ತೆ” ಅಂತಾರೆ.

ಫೋಂಡಾ ಬಾಯಿ
ಹೋಮದ ಸಮಿಧೆ ಒಂದು ಹಿಡಿ, ಅದೂ ಒಣಗಿದ್ದು, ತುಪ್ಪದ ಜೊತೆ. ಒಲೆಗೆ ಹಾಕೋದು ಹೊರೆಗಟ್ಟಲೆ. ಮಾವು, ಗೋಡಂಬಿ, ಕೇರು ಮೂರೂ ಒಂದೇ ಕುಟುಂಬದವು. ಮಾವಿನ ಸೊನೆ ತುಟಿಗೆ ತಾಗಿದರೆ ಗುಳ್ಳೆ ಏಳುತ್ತಲ್ಲ, ಹಸಿ ಮರದ ಹೊಗೆಯೂ ಕೆಲವರಿಗೆ ಕಣ್ಣು ಉರಿ, ಕೆಮ್ಮು ತರುತ್ತೆ. ಸೀಳಿ ಒಂದು ಬೇಸಿಗೆ ಪೂರ್ತಿ ಒಣಗಿಸಿ, ಹೊರಗಿನ ಬಂಬಕ್ಕೆ ಮಾತ್ರ ಬಳಸಿ. ಕೇರು, ಇಲ್ಲಿಯವರ ಬಿಬ್ಬಾ, ಅಪ್ಪಿತಪ್ಪಿಯೂ ಬೇಡ. ಅದರ ಹೊಗೆ ತಾಗಿ ಮುಖ ಊದಿಕೊಂಡವರನ್ನು ನೋಡಿದ್ದೇನೆ. ಕಣಗಿಲೆಯೂ ಬೇಡ, ಅದು ವಿಷ.

ಮುಲುಂಡ್ ಟೀಚರ್
ಇಷ್ಟೆಲ್ಲಾ ಯಾಕೆ, ಸೋಲಾರ್ ಹಾಕಿಸಬಾರದಾ? ಪುಣೆಯಲ್ಲಿ ಬಿಸಿಲಿಗೆ ಏನು ಕೊರತೆ?

ಮುಳಶಿ ಮನೆ (ಪುಣೆ)
ಟೀಚರ್, ಸೋಲಾರ್ ಇದೆ. ಆದರೆ ಮುಳಶಿಯಲ್ಲಿ ಮಳೆಗಾಲ ಅಂದ್ರೆ ಬಿಸಿಲಿನ ಮುಖವೇ ಕಾಣೋಲ್ಲ, ಕರೆಂಟೂ ಕೈ ಕೊಡುತ್ತೆ. ಚಳಿಗಾಲದ ಬೆಳಗಿನ ಜಾವಕ್ಕೆ ಟ್ಯಾಂಕಿನ ನೀರು ಆರಿರುತ್ತೆ. ಬಂಬ ಆಗ ಬೇಕೇ ಬೇಕು.

ಪಣಜಿ ಸಿಸ್ಟರ್
ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡೋಳು ನಾನು. ದಯವಿಟ್ಟು ಇದನ್ನು ಎಲ್ಲರೂ ಓದಿ. ಬಂಬವನ್ನು ಬಚ್ಚಲಮನೆಯೊಳಗೆ ಇಟ್ಟು ಬಾಗಿಲು ಹಾಕಿಕೊಂಡು ಸ್ನಾನ ಮಾಡಬೇಡಿ. ಕೆಂಡದ ಸಿಗಡಿಯನ್ನು ಮಲಗೋ ಕೋಣೆಗೆ ತರಬೇಡಿ, ಕಿಟಕಿ ಸ್ವಲ್ಪ ತೆರೆದಿದೆ ಅನ್ನೋ ಧೈರ್ಯದಲ್ಲೂ ತರಬೇಡಿ. ಹೊಗೆ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಜನ ತಿಳಿದಿದ್ದಾರೆ. ಕೆಂಪಗೆ ಉರಿಯೋ ಕೆಂಡದಿಂದಲೇ ಕಾರ್ಬನ್ ಮೊನಾಕ್ಸೈಡ್ ಬರೋದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ನಿದ್ದೆ ಬಂದ ಹಾಗಾಗಿ ಏಳೋಕೇ ಆಗೋಲ್ಲ. ವಯಸ್ಸಾದವರು ಇರೋ ಮನೆ ನಿಮ್ಮದು. ಪಡಸಾಲೆಯ ಒಲೆಗೆ ಚಿಮಣಿ ಇದ್ದರೂ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತಂದು ಹಾಕಿ. ರಾತ್ರಿ ಕೆಂಡ ಇನ್ನೂ ಇರುವಾಗ ಚಿಮಣಿಯಲ್ಲಿ ಗಾಳಿ ಹೊಗೆ ತಡೆಯೋ ತಟ್ಟೆಯನ್ನು ಪೂರ್ತಿ ಮುಚ್ಚಬೇಡಿ.

ಮುಳಶಿ ಮನೆ (ಪುಣೆ)
ಸಿಸ್ಟರ್, ತುಂಬಾ ಥ್ಯಾಂಕ್ಸ್. ಬಂಬ ಹಿತ್ತಲಿನ ಕಟ್ಟೆ ಮೇಲಿದೆ, ತೆರೆದ ಜಾಗ. ಅಲಾರಂ ಇವತ್ತೇ ಆರ್ಡರ್ ಮಾಡ್ತೀನಿ.

ಡೊಂಬಿವ್ಲಿ ಮಾಮಾ
ಅದರ ಜೊತೆಗೆ ಚಿಮಣಿಯನ್ನು ಚಳಿಗಾಲಕ್ಕೆ ಮೊದಲು ಒಮ್ಮೆ, ನಡುವೆ ಒಮ್ಮೆ ಬ್ರಷ್ ಹಾಕಿ ತೆಗೆಸಿ. ಹಸಿ ಕಟ್ಟಿಗೆಯ ಅಂಟು ಒಳಗೆ ಕೂತಿದ್ದರೆ ಒಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತೆ. ಕಬ್ಬಿಣದ ಕೊಳವೆ ಕೆಂಪಾಗಿ ಛಾವಣಿಗೆ ಹತ್ತಿದ್ದೂ ಉಂಟು.

ಹುಬ್ಬಳ್ಳಿ ಸೊಸೆ (ಔಂಧ್)
ಬೂದಿ ಚೆಲ್ಲಬೇಡಿ! ಗುಲಾಬಿಗೆ, ಟೊಮೆಟೊಗೆ ಸ್ವಲ್ಪ ಸ್ವಲ್ಪ ಹಾಕಿ. ಪೊಟ್ಯಾಷ್ ಇರುತ್ತೆ. ಹಿತ್ತಾಳೆ ಪಾತ್ರೆ ತಿಕ್ಕೋಕೆ ನಮ್ಮತ್ತೆ ಇವತ್ತಿಗೂ ಜಾಲಿ ಬೂದಿ ಜರಡಿ ಹಿಡಿದು ಡಬ್ಬಿಯಲ್ಲಿ ಇಡ್ತಾರೆ.

ಕಾರವಾರ ಮೂಲ (ವಾಸ್ಕೋ)
ಬೂದಿ ಪೂರ್ತಿ ಆರಿದ ಮೇಲೆ ಅಕ್ಕ. ಒಳಗೆ ಕೆಂಡ ಉಳಿದಿರುತ್ತೆ. ತಗಡಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು ಆಮೇಲೆ ಗಿಡಕ್ಕೆ ಹಾಕಿ. ದಾಸವಾಳಕ್ಕೆ ಜಾಸ್ತಿ ಬೇಡ, ಅದಕ್ಕೆ ಹುಳಿ ಮಣ್ಣು ಇಷ್ಟ.

ಬೆಳಗಾವಿ ಹುಡುಗ (ಪಿಂಪ್ರಿ)
ಮಳೆಯಲ್ಲಿ ನಮ್ಮ ಸೊಸೈಟಿ ಎದುರಿನ ಗುಲ್‌ಮೊಹರ್ ಬಿದ್ದಿದೆ. ರೇನ್ ಟ್ರೀಯ ಕೊಂಬೆಯೂ ಇದೆ. ಮುಳಶಿಯವರೇ, ಬೇಕಾ? ಪುಕ್ಕಟೆ.

ಕೋಥ್ರೂಡ್ ಅಕ್ಕ
ಗುಲ್‌ಮೊಹರ್ ಮೆತ್ತಗಿನ ಮರ, ಒಣಗೋದರೊಳಗೆ ಹುಳ ಹತ್ತಿ ಪುಡಿ ಉದುರುತ್ತೆ. ರೇನ್ ಟ್ರೀಯ ನಾರು ಅಡ್ಡಾದಿಡ್ಡಿ, ಸೀಳಿದವರ ಭುಜ ಬಿದ್ದು ಹೋಗುತ್ತೆ. ಪುಕ್ಕಟೆ ಅಂದ್ರೂ ಟೆಂಪೋ ಬಾಡಿಗೆ ದಂಡ. ಕಬ್ಬಿಣದ ಬೆಣೆ, ಸುತ್ತಿಗೆ ಇದ್ದರೆ ರೇನ್ ಟ್ರೀ ತಗೊಳ್ಳಿ, ಕೊಡಲಿಯೊಂದನ್ನೇ ನಂಬಿ ಬೇಡ.

ವಾಶಿ ವಾಸಿ (ನವಿ ಮುಂಬಯಿ)
ಬಿದ್ದ ಮರ ಅಂತ ಸುಮ್ನೆ ಹೊತ್ತುಕೊಂಡು ಹೋಗೋ ಹಾಗಿಲ್ಲ. ನಗರದಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ. ಮಹಾನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ತಿಳಿಸಿ. ಮುಳಶಿಯವರು ಪಕ್ಕದ ಹೊಲದ ಮಾವಿನ ಮರಕ್ಕೂ ಕೇಳಿ. ಮಹಾರಾಷ್ಟ್ರದ 1964ರ ಮರ ಕಡಿತ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಮಾವು, ಹುಣಸೆ, ಹಲಸು, ಖೈರ, ಐನ್ ಎಲ್ಲಾ ಇವೆ. ಸ್ವಂತ ಹೊಲದಲ್ಲಿದ್ದರೂ ಕಡಿಯೋಕೆ ಅನುಮತಿ ಬೇಕು. ಗೋವಾದವರಿಗೆ 1984ರ ಕಾಯ್ದೆ.

ಮುಳಶಿ ಮನೆ (ಪುಣೆ)
ಇದು ತಾನಾಗಿಯೇ ಬಿದ್ದದ್ದು. ಆದರೂ ಹೊಲದವರನ್ನು ಕರೆದುಕೊಂಡು ತಲಾಠಿ (ಗ್ರಾಮ ಲೆಕ್ಕಿಗ) ಹತ್ತಿರ, ಅರಣ್ಯ ಇಲಾಖೆ ಹತ್ತಿರ ಕೇಳಿಯೇ ಸಾಗಿಸ್ತೀವಿ. ಹುಣಸೆ ಕಟ್ಟಿಗೆ ಸಿಕ್ಕರೆ ಬಿಡಬೇಡಿ ಅಂತ ಒಬ್ಬರು ಹೇಳಿದರು, ನಿಜಾನಾ?

ಸೋಲಾಪುರ ರಸ್ತೆ (ಹಡಪ್ಸರ)
ಹುಣಸೆ ಕೆಂಡಕ್ಕೆ ಸಾಟಿಯಿಲ್ಲ, ಉರಿಯೂ ಬಹಳ ಕಾವು. ಆದರೆ ಸೀಳೋಕೆ ಹೋಗಬೇಡಿ, ಸಾಮಿಲ್‌ನಲ್ಲಿ ಕುಯ್ಯಿಸಿ. ಚಿಕ್ಕ ಒಲೆಗೆ ಒಮ್ಮೆಗೆ ಒಂದೇ ತುಂಡು, ಜಾಸ್ತಿ ತುಂಬಿದರೆ ಕಬ್ಬಿಣ ಡೊಂಕಾದೀತು.

ಶಿರಸಿ ಕಡೆಯವ (ಮಡಗಾಂವ್)
ಒಟ್ಟಿದ ರಾಶಿಗೆ ಕೈ ಹಾಕೋ ಮೊದಲು ಕೋಲಿನಿಂದ ಒಮ್ಮೆ ತಟ್ಟಿ. ಚೇಳು, ಹಾವು ಎರಡಕ್ಕೂ ಅದು ಇಷ್ಟದ ಜಾಗ. ಅಪ್ಪ ಅವ್ವ ಕಟ್ಟಿಗೆ ತರೋಕೆ ಹೋಗ್ತಾರೆ ಅಂದ್ರೆ ಒಂದು ದಿನದ್ದನ್ನು ಬಾಗಿಲ ಹತ್ತಿರವೇ ಬೇರೆ ತೆಗೆದಿಡಿ.